ದೊಡ್ಡ ಬೇಸ್‌ಗೆ ದನಿ ಹುಡುಕಿದ ನಲವತ್ತು ದಿನ

ಬೂದಿ ಬುಧವಾರ, ಫೆಬ್ರವರಿ 21, 1996

ಇಂದು ಉಪವಾಸ. ಬೆಳಿಗ್ಗೆ ಹಾಲಿಲ್ಲದ ಚಹಾ, ಬೆಣ್ಣೆ ಸವರದ ಒಂದು ಚೂರು ಬ್ರೆಡ್ಡು. ಒಲೆಯ ಬೂದಿ ತೆಗೆದು ಉರಿಸುವ ಒಣ ಜೌಗುಮಣ್ಣಿನ ಹೆಂಟೆ ತುಂಬಿದೆ, ಕೋಳಿಗಳನ್ನು ಹೊರಗೆ ಬಿಟ್ಟೆ, ಗಂಡ ಮಲಕಿಯ ಮೈ ಒರೆಸಿ ಗಡ್ಡ ಕೆರೆದೆ. ಚರ್ಚಿನ ಪೂಜೆಗೆ ಹೋಗಿ ಬಂದು ನನ್ನ ಹಣೆಯ ಬೂದಿಯನ್ನೇ ಹೆಬ್ಬೆರಳಿಗೆ ಹತ್ತಿಸಿಕೊಂಡು ಅವನ ಹಣೆಗೆ ಇಟ್ಟೆ. ಅಡುಗೆಮನೆಯ ಮೂಲೆಯ ಮಂಚದಲ್ಲಿ ಅವನು ಲಕ್ವ ಹೊಡೆದು ಮಲಗಿ ಇಂದಿಗೆ ಆರು ವಾರ ನಾಲ್ಕು ದಿನ. ಎಡಗೈ ಹಾಗೇ ಇದೆ. ಮಾತು ಮಾತ್ರ ಸ್ವಲ್ಪ ಸ್ವಲ್ಪವಾಗಿ ಮರಳುತ್ತಿದೆ.

ಹನ್ನೊಂದಕ್ಕೆ ಫಿಂಟನ್ ಬಂದ. ಅಕಾರ್ಡಿಯನ್ ನುಡಿಸುವವನು, ಕುಣಿತದ ತಂಡದ ಯಜಮಾನ. ಮಲಕಿ ಮೂವತ್ತೆರಡು ವರ್ಷ ಅವನ ಎಡಗಡೆ ದೊಡ್ಡ ಬೇಸ್, ಆಳೆತ್ತರದ ಮರದ ತಂತಿವಾದ್ಯ, ಹಿಡಿದು ನಿಂತವನು. ಟೋಪಿ ತಿರುಗಿಸುತ್ತ ಕೂತವನು ಕೊನೆಗೆ ಬಾಯಿಬಿಟ್ಟ.

“ಈಸ್ಟರ್ ಭಾನುವಾರ ಚರ್ಚಿನ ಹೊಸ ಹಾಲ್ ತೆರೀತಾರೆ. ಇನ್ನೂರು ಜನ ಕುಣಿಯೋ ಜಾಗ ಕಣೋ. ಕ್ರಿಸ್ಮಸ್‌ಗೇ ನಿನ್ನ ಬೇಸು ಯಾರಿಗೂ ಕೇಳ್ಸಿರ್ಲಿಲ್ಲ. ಡ್ರಮ್ಮಿನ ಹಿಂದೆ ಯಾರೋ ಮರ ತಬ್ಕೊಂಡು ನಿಂತಿದಾರೆ ಅಂದ್ಕೊಂಡ್ರು.”

“ಮರ ಬಾಯಿ ಮಾಡಲ್ಲ. ನಿನ್ನ ಹಾಗೆ” ಎಂದ ಮಲಕಿ. ನಿಧಾನವಾಗಿ ಅಂದರೂ ಸರಿಯಾಗಿಯೇ ತಾಗಿತು.

ಫಿಂಟನ್ ನಕ್ಕ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ. “ಬ್ಯಾಲಿನಾ ಊರಿನವನೊಬ್ಬ ಇದಾನೆ, ಎಲೆಕ್ಟ್ರಿಕ್ ಬೇಸ್ ನುಡಿಸ್ತಾನೆ. ಬರ್ತೀನಿ ಅಂತಾನೆ. ಈಸ್ಟರ್ ಹಿಂದಿನ ಪವಿತ್ರ ಶನಿವಾರ ಮಧ್ಯಾಹ್ನದೊಳಗೆ ಅವನಿಗೆ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು. ದನಿ ಕೇಳೋ ಬೇಸೂ ಬೇಕು ಬ್ರೀಜ್, ಹಿಂದೆ ನಿಲ್ಲೋ ಮನುಷ್ಯನೂ ಬೇಕು.”

“ಅವನು ಬಂದ್ರೆ, ಆಮೇಲೆ ಮಲಕಿ ಎದ್ದ ಮೇಲೆ?”

“ಒಂದ್ಸಲ ಕರೆದವನನ್ನ ಹೋಗು ಅನ್ನೋಕಾಗುತ್ತಾ?”

ಅವನು ಹೋದ ಮೇಲೆ ಮಲಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೇಸ್‌ಗೆ ಪಿಕಪ್, ಅಂದರೆ ದನಿ ಹಿಡಿದು ಪೆಟ್ಟಿಗೆಗೆ ಕಳಿಸುವ ಸಾಧನ, ಹಾಕಿಸಬೇಕೆಂದು ಅವನೇ ಡಿಸೆಂಬರಿನಲ್ಲಿ ಹೇಳಿದ್ದ. ಆ ಕೆಲಸ ನಾನು ಮಾಡಿಸುತ್ತೇನೆ. ಈಸ್ಟರ್‌ವರೆಗಿನ ಈ ನಲವತ್ತು ದಿನದ ತಪಸ್ಸು ಕಾಲ ಸಕ್ಕರೆ, ಬೆಣ್ಣೆ ಎರಡನ್ನೂ ಬಿಟ್ಟು, ಅವನ ಎಡಗೈ ಮರಳಲೆಂದು ದೇವರಿಗೆ ಒಪ್ಪಿಸಿದ್ದೇನೆ. ದೇವರು ಕೈ ಕೊಟ್ಟ ದಿನ ಬೇಸ್ ಸಿದ್ಧವಿರಬೇಕು.

ಫೆಬ್ರವರಿ 23, ಶುಕ್ರವಾರ

ಮಾಂಸವಿಲ್ಲ. ನಾದಿನಿ ಅಟ್ರಾಕ್ಟಾಳನ್ನು ಅವಳಣ್ಣ ಮಲಕಿಯ ಬಳಿ ಕೂರಿಸಿ ಬಸ್ಸಿನಲ್ಲಿ ಸ್ಲೈಗೋಗೆ ಹೋದೆ. ವಾದ್ಯದ ಅಂಗಡಿಯವನು ನನ್ನ ಕೋಟು, ಬೂಟು ನೋಡಿ, ಮಗನಿಗಾ ಎಂದು ಕೇಳಿದ. ಗಂಡನಿಗೆ ಎಂದೆ. ಬೇಸ್‌ಗೆ ಪಿಕಪ್ ಬೇಕು, ಜೋರಾಗಿ ಕೇಳಬೇಕು ಎಂದೆ. ಅಯಸ್ಕಾಂತವಿರುವ ಒಂದು ಕರಿ ಪಟ್ಟಿ ಕೊಟ್ಟ. ಬೇಡವಾದರೆ ವಾಪಸು ತನ್ನಿ ಎಂದ. ಒಳ್ಳೆಯ ಮನುಷ್ಯ, ಆದರೆ ತಂತಿ ಯಾವುದೆಂದು ಅವನು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಅದನ್ನು ತಂತಿಗಳ ಕೆಳಗೆ ಕಟ್ಟಿ, ದನಿ ಜೋರು ಮಾಡುವ ಪೆಟ್ಟಿಗೆಗೆ, ಮಲಕಿಯ ಹಳೆಯ ಆಂಪಿಗೆ, ಜೋಡಿಸಿ ಒಂದು ತಂತಿಯನ್ನು ಬೆರಳಲ್ಲಿ ಎಳೆದೆ. ಆಂಪ್ ಸುಮ್ಮನೆ ಕೂತಿತ್ತು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಬರಿ ಉಸಿರಾಟದಂಥ ಸದ್ದು.

ಮಂಚದಿಂದ ಒಂದು ವಿಚಿತ್ರ ದನಿ ಕೇಳಿ ಹೆದರಿ ಓಡಿದೆ. ಮಲಕಿ ನಗುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ.

“ಅವು ಕುರಿ ಕರುಳಿನ ತಂತಿ ಕಣೆ. ಅಯಸ್ಕಾಂತಕ್ಕೆ ಉಕ್ಕು ಬೇಕು. ಕುರಿ ಎಲ್ಲಿಂದ ಕೇಳ್ಸುತ್ತೆ ಅದಕ್ಕೆ?”

ಹಾಳಾದ ಪಟ್ಟಿ. ಆದರೂ ಬಸ್ಸಿನ ದಾರಿ ದಂಡವಾಗಲಿಲ್ಲ.

ಫೆಬ್ರವರಿ 27, ಮಂಗಳವಾರ

ಲಾರ್ಕನ್ ಬಂದ. ಮೊದಲು ಈ ಸುತ್ತಿನ ಟೀವಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು, ಈಗ ವಾದ್ಯಗಳ ಆಂಪ್ ನೋಡುತ್ತಾನೆ. ಬೆರಳುದ್ದದ ತೆಳ್ಳನೆಯ ಇನ್ನೊಂದು ಪಿಕಪ್ ತಂದಿದ್ದ. ಇದಕ್ಕೆ ಉಕ್ಕಿನ ಹಂಗಿಲ್ಲ, ಮರದ ನಡುಕವನ್ನೇ ಹಿಡಿಯುತ್ತದೆ. ತಂತಿಗಳನ್ನು ಹೊತ್ತ ಮರದ ಕುದುರೆಯ ಒಂದು ಬದಿಯ ಸೀಳಿಗೆ ಅದನ್ನು ತುರುಕಿ ನೇರ ಆಂಪಿಗೆ ಕೊಟ್ಟ. ನಾನು ತಂತಿ ಎಳೆದೆ. ದನಿ ಬಂತು, ಆದರೆ ಕೋಳಿ ತಗಡು ಕುಟ್ಟಿದಂತೆ.

ಮಲಕಿ ಮುಖ ಸಿಂಡರಿಸಿದ. ಲಾರ್ಕನ್ ಹೇಳಿದ: “ಇದರ ದನಿ ಬಡಕಲು, ಮಿಸ್ಸಸ್. ನೇರ ಕೊಟ್ರೆ ಆಂಪ್ ಇದ್ದಬದ್ದದ್ದೆಲ್ಲ ಹೀರ್ಕೊಂಡ್ಬಿಡುತ್ತೆ. ಕೆಳಗಿನ ಸ್ವರಾನೇ ಮೊದ್ಲು ಸಾಯೋದು. ನಡುವೆ ಒಬ್ಬ ಬೇಕು. ಏನೂ ಕಿತ್ಕೊಳ್ದೆ ಕೇಳ್ಸ್ಕೊಂಡು, ಗಟ್ಟಿಯಾಗಿ ಮುಂದಕ್ಕೆ ಹೇಳೋನು. ಅದಕ್ಕೆ ಪ್ರೀ-ಆಂಪ್ ಅಂತಾರೆ.”

“ಪಾಪನಿವೇದನೆ ಕೇಳೋ ಫಾದರ್ ಹಾಗೆ ಅನ್ನು” ಎಂದೆ.

“ಹೆಚ್ಚು ಕಡಿಮೆ. ಆದ್ರೆ ಫಾದರ್ ಮುಂದಕ್ಕೆ ಹೇಳಲ್ಲ. ಮತ್ತೆ ಇದು ಬ್ಯಾಟರೀಲಿ ನಡೆಯುತ್ತೆ.”

ಮುಂದಿನ ವಾರ ಎರಡು ಬಗೆಯದನ್ನು ತಂದು ಬಿಟ್ಟುಹೋಗುತ್ತಾನಂತೆ. ಆರಿಸಿಕೊಳ್ಳಬೇಕಾದವನು ಮಲಕಿ. ತಂತಿ ಎಳೆಯಲು ಮಾತ್ರ ನಾನು.

ಮಾರ್ಚ್ 5, ಮಂಗಳವಾರ

ಪ್ರೀ-ಆಂಪ್‌ಗಳು ಬಂದವು. ಒಂದಕ್ಕೆ ಹನ್ನೊಂದು ಗುಂಡಿ, ಕೆಂಪು ದೀಪ. ಇನ್ನೊಂದು ಸೋಪಿನ ಡಬ್ಬಿಯಷ್ಟು, ಮೂರೇ ಗುಂಡಿ.

ತಪಸ್ಸು ಕಾಲದಲ್ಲಿ ಕುಣಿತದ ಹಾಡು ನಮ್ಮ ಮನೆಯಲ್ಲಿ ಎಂದೂ ನುಡಿದಿಲ್ಲ. ಮಲಕಿಯ ತಾಯಿ ಬೂದಿ ಬುಧವಾರದಂದೇ ಪಿಟೀಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಿದ್ದರು. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ. ಒಂದೊಂದೇ ಸ್ವರ ಎಳೆಯಬಹುದು, ಅದು ಪರೀಕ್ಷೆ. ಎರಡನ್ನು ಜೋಡಿಸಿದರೆ ಹಾಡಾಗುತ್ತದೆ.

ಒಂದು ಸ್ವರ ಎಳೆಯುವುದು. ಅದು ಸಾಯುವವರೆಗೆ ಕಾಯುವುದು. ಮಲಕಿ ಕಣ್ಣು ಮುಚ್ಚಿಕೊಂಡು “ಇನ್ನೂ ದಪ್ಪ” ಅನ್ನುವುದು. ಗುಂಡಿ ತಿರುಗಿಸಿ ಮತ್ತೆ ಎಳೆಯುವುದು. ಹನ್ನೊಂದು ಗುಂಡಿಯದು ಗೆದ್ದಿತು. ಅಬ್ಬಾ, ಏನು ದನಿ! ಪೂಜೆಯ ಗಂಟೆಯಂತೆ ನಿಂತೇ ಇತ್ತು.

ಬಲಗೈ ಬೆರಳಲ್ಲಿ ನೀರುಗುಳ್ಳೆ ಎದ್ದಿದೆ. ಹಿಟ್ಟು ನಾದುವಾಗ ಉರಿಯಿತು.

ಮಾರ್ಚ್ 9, ಶನಿವಾರ

ಎಲ್ಲಾ ತಂತಿಯನ್ನೂ ಬರಿದಾಗಿ ಎಳೆದರೆ ಸಾಲದಂತೆ, ಎಡಗೈಯಿಂದ ಒತ್ತಿಯೂ ನೋಡಬೇಕಂತೆ. ಮಲಕಿ ಮಂಚದಿಂದಲೇ ಹೇಳಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದೆ. ಎಂಟು ಗುರುತು. “ಇಷ್ಟಿದ್ರೆ ಈ ಜಿಲ್ಲೆಯ ಅರ್ಧ ಹಾಡು ಮುಗೀತು” ಎಂದ. ಪರೀಕ್ಷೆಗೆ ಅಷ್ಟು ಸಾಕು.

ಮಾರ್ಚ್ 12, ಮಂಗಳವಾರ

ಎರಡನೆಯ ದಪ್ಪ ತಂತಿಯಲ್ಲಿ ಒಂದು ಸ್ವರಕ್ಕೆ ಮಾತ್ರ ಗುಂಯ್ ಎಂಬ ಕರಕರೆ. ಲಾರ್ಕನ್ ಬಂದು ತಿರುಪುಗಳನ್ನೆಲ್ಲ ಬಿಗಿಮಾಡಿದ, ವೈರ್ ಬದಲಿಸಿದ. ಹೋಗಲಿಲ್ಲ. “ಒಳಗೆ ಏನೋ ಅಲ್ಲಾಡ್ತಿದೆ. ಬರಿ ಕಿವಿಗೆ ಕೇಳ್ಸದೇ ಇರ್ಬಹುದು, ಪಿಕಪ್ ಬಿಡಲ್ಲ” ಎಂದು ದನಿ ಹೊರಬರಲು ಬೇಸಿನ ಎದೆಯಲ್ಲಿ ಕೊರೆದ ಸೀಳಿನೊಳಗೆ ಟಾರ್ಚು ಬಿಟ್ಟ.

ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು.

ಮದುವೆಯಾದ ಮರುವರ್ಷ, ಮಲಕಿ ಕುಣಿತ ಮುಗಿಸಿ ಕುಡಿದು ಕಾರು ಓಡಿಸಿಕೊಂಡು ಬರುತ್ತಿದ್ದ ಕಾಲ. ಮಾತೆ ಮರಿಯಳ ಪದಕವೊಂದನ್ನು ಮಂತ್ರಿಸಿದ ಮೇಣದಿಂದ ಆ ಸೀಳಿನೊಳಗೆ ಅಂಟಿಸಿದ್ದೆ, ಬೇಸಿನ ಜೊತೆ ಅವನೂ ಮನೆಗೆ ಬರಲಿ ಎಂದು. ಯಾರಿಗೂ ಹೇಳಿರಲಿಲ್ಲ. ಗಂಡನ ವಾದ್ಯವನ್ನು ಕೆಡಿಸಿದ್ದೆನೆಂದು ಈಗ ಲಾರ್ಕನ್ನನ ಮುಂದೆಯೇ ಒಪ್ಪಿಕೊಂಡೆ.

“ಗೊತ್ತು” ಎಂದ ಮಲಕಿ.

“ಏನು ಗೊತ್ತು?”

“ಮೇಣ ಬಿರಿದು ಇಪ್ಪತ್ತು ವರ್ಷ ಆಯ್ತು. ಆ ಸ್ವರ ಬಂದಾಗೆಲ್ಲ ಮೆತ್ತಗೆ ಮುಟ್ತಿದ್ದೆ.”

“ಇಪ್ಪತ್ತು ವರ್ಷ! ಕಿತ್ತು ಹಾಕ್ಬಾರ್ದಿತ್ತಾ?”

“ಕಿತ್ತಿದ್ರೆ... ನೀನು ನಿದ್ದೆ ಮಾಡ್ತಿರ್ಲಿಲ್ಲ.”

ಲಾರ್ಕನ್ ಟಾರ್ಚು ಆರಿಸಿ, ಹೊರಗೆ ಕೋಳಿ ನೋಡಿ ಬರುತ್ತೇನೆಂದು ಎದ್ದು ಹೋದ. ಅವನಿಗೆ ಕೋಳಿಯ ಮೇಲೆ ಯಾವ ಆಸಕ್ತಿಯೂ ಇಲ್ಲ.

ಪದಕ ತೆಗೆಯಬೇಡ, ಚಪ್ಪಟೆಯಾಗಿ ಅಂಟಿಸು ಎಂದ ಮಲಕಿ. ಉದ್ದ ಇಕ್ಕಳದಿಂದ ಮರಗೋಂದು ಹಾಕಿ ಅಂಟಿಸಿದ್ದಾಯಿತು. ಕರಕರೆ ನಿಂತಿತು. ಆ ಸ್ವರವನ್ನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಜೋರಾಗಿ ಎಳೆದವಳು ನಾನು.

ಮಾರ್ಚ್ 17, ಭಾನುವಾರ, ಸಂತ ಪ್ಯಾಟ್ರಿಕ್‌ನ ಹಬ್ಬ

ಇಂದು ಉಪವಾಸಕ್ಕೆ ಬಿಡುವು. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ. ಪೂಜೆಯಿಂದ ಬರುತ್ತ ಫಿಂಟನ್ ಅಕಾರ್ಡಿಯನ್ ತಂದ. ಹಬ್ಬದ ದಿನ ಹಾಡಿಗೆ ಪಾಪವಿಲ್ಲ. “ಬಾ ಬ್ರೀಜ್, ನಿನ್ನ ಗಂಡನ ಪಿಕಪ್ ಹೇಗಿದೆ ನೋಡೋಣ. ನಾನು ನಿಧಾನಕ್ಕೆ ಬಾರಿಸ್ತೀನಿ, ನೀನು ಗುರುತು ನೋಡ್ಕೊಂಡು ಎಳಿ.”

ಜಿಗ್ ಕುಣಿತದ್ದೊಂದು ಶುರುಮಾಡಿದ. ಇಪ್ಪತ್ತೈದು ವರ್ಷ ಪಾತ್ರೆ ತೊಳೆಯುತ್ತ ಕೇಳಿದ ಹಾಡು, ಎಲ್ಲಿ ಇಳಿಯುತ್ತದೆಂದು ಗೊತ್ತೇ ಇತ್ತು. ಆದರೆ ದೇವರೇ, ಎಂಥ ಗಂಜಿಯಾಯಿತು! ಹಿಂದಿನ ಸ್ವರ ಸಾಯುವ ಮುಂಚೆಯೇ ಮುಂದಿನದು ಬಂದು ಅದರ ಮೇಲೆ ಬಿದ್ದು, ಮೂರನೆಯದು ಎರಡನ್ನೂ ತುಳಿಯಿತು. ಕಪಾಟಿನ ತಟ್ಟೆಗಳೆಲ್ಲ ನಡುಗಿದವು. ಫಿಂಟನ್ ಅರ್ಧಕ್ಕೇ ನಿಲ್ಲಿಸಿದ.

“ಹನ್ನೆರಡು ದಿನ ಇದನ್ನೇನಾ ಆರ್ಸಿದ್ದು?”

“ಒಂದೊಂದೇ ಸ್ವರ ಕೇಳಿ ಆರ್ಸಿದ್ವಿ, ತಪಸ್ಸು ಕಾಲ ಅಂತ” ಎಂದೆ. ನನ್ನ ಕಿವಿಗೇ ಮೊದ್ದಾಗಿ ಕೇಳಿತು.

ಫಿಂಟನ್ ನಗಲಿಲ್ಲ. ಅವನ ಮನೆಯಲ್ಲೂ ಪಿಟೀಲು ಅಟ್ಟ ಏರುತ್ತಿದ್ದ ಕಾಲವಿತ್ತು. ಮಲಕಿ ಹೇಳಿದ: “ತಪ್ಪು ನಂದು. ಚೆಂದದ ದನಿ ಕೇಳಿ ಮರುಳಾದೆ. ಸ್ವರ ಬೇಗ ಸಾಯ್ಬೇಕು ಬ್ರೀಜ್. ಅದು ಸತ್ತ ಖಾಲೀಲೇ ಕುಣಿಯೋರು ಕಾಲು ಎತ್ತೋದು.”

ಮಾರ್ಚ್ 19, ಮಂಗಳವಾರ

ತಪಸ್ಸು ಕಾಲದಲ್ಲಿ ಪರೀಕ್ಷೆಗೆಂದು ಇಡೀ ಹಾಡು ನುಡಿಸಿದರೆ ಪಾಪವೇ ಎಂದು ಫಾದರನ್ನು ಕೇಳಿದೆ. “ಮಲಕಿ ಕೇಳ್ತಾನಾ?” ಎಂದರು. ಕೇಳುತ್ತಾನೆ ಎಂದೆ. “ಹಾಗಾದ್ರೆ ಅದು ರೋಗಿ ಸೇವೆ, ಹೋಗಮ್ಮ.” ಮೂರು ಗುಂಡಿಯ ಡಬ್ಬಿಯನ್ನು ಮತ್ತೆ ಹೊರತೆಗೆದೆ.

ಮಾರ್ಚ್ 22, ಶುಕ್ರವಾರ

ಹೆರಿಂಗ್ ಮೀನು ಹುರಿದೆ. ಅಟ್ರಾಕ್ಟಾ ಬಂದಿದ್ದಳು. “ಅಷ್ಟೆಲ್ಲ ಯಾಕೆ ಒದ್ದಾಡ್ತಿ ಅತ್ತಿಗೆ? ಮಂಚದ ಕೆಳಗೆ ಎಲೆಕ್ಟ್ರಿಕ್ ಬೇಸ್ ಬಿದ್ದಿದೆಯಲ್ಲ” ಎಂದಳು. ಮಲಕಿ ಶುಕ್ರವಾರಗಳಂದು ಪಬ್ಬಿನಲ್ಲಿ ನುಡಿಸುತ್ತಿದ್ದದ್ದು. ಹೊರತೆಗೆದು ಧೂಳು ಒರೆಸಿ ಮಡಿಲಲ್ಲಿ ಇಟ್ಟುಕೊಂಡೆ. ಮಗುವಿನಷ್ಟು ಹಗುರ. ಎಲ್ಲಿ ಒತ್ತಬೇಕೆಂದು ಕೊರಳ ಮೇಲಿನ ಕಂಬಿಗಳೇ ಹೇಳುತ್ತವೆ, ಸೀಮೆಸುಣ್ಣ ಬೇಡ. ಕರಕರೆ ಇಲ್ಲ, ಗೋಳಾಟವಿಲ್ಲ, ಪ್ರೀ-ಆಂಪೂ ಬೇಡ.

“ಇದೇ ಸುಲಭ” ಎಂದಳು ಅಟ್ರಾಕ್ಟಾ.

“ಸುಲಭವೇ. ಆದ್ರೆ ಇದು ಹಿಡಿದ ಸ್ವರ ಬಿಡಲ್ಲ, ನಾನೇ ಅಂಗೈಯಲ್ಲಿ ಮುಚ್ಚಬೇಕು. ನಮ್ಮ ಹಾಡಿಗೆ ತಾನಾಗಿ ಉಸಿರು ಬಿಡೋದು ಬೇಕು. ಮತ್ತೆ ದೊಡ್ಡದರ ಸ್ವರ ಎದೆಮೂಳೆಗೆ ಬಂದು ಬಡಿಯುತ್ತೆ, ಇದರದ್ದು ಬರೀ ಪೆಟ್ಟಿಗೆಯಿಂದ ಬರುತ್ತೆ” ಎಂದೆ.

ಅವರಿಬ್ಬರೂ ನನ್ನ ಮುಖ ನೋಡಿದರು. ಯಾಕೆ ನೋಡಿದರೋ. ಮಲಕಿಯಿಂದ ಕೇಳಿದ್ದನ್ನೇ ಹೇಳಿದೆ ಅಷ್ಟೆ.

ಮಾರ್ಚ್ 25, ಸೋಮವಾರ

ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ವೈದ್ಯರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 26, ಮಂಗಳವಾರ

ಬಟ್ಟೆ ಒಗೆದೆ. ಬೇಸ್ ಮುಟ್ಟಲಿಲ್ಲ.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಮಲಕಿಯೇ ಕರೆದ. “ಅಟ್ರಾಕ್ಟಾನ್ನ ಕರಿ. ಆಂಪು ಬೇಸು ಎರಡನ್ನೂ ಹಿತ್ತಿಲ ಕೊಟ್ಟಿಗೇಲಿಟ್ಟು ಜೋರಾಗಿ ನುಡ್ಸಿ. ಆ ಹೊಸ ಹಾಲ್‌ನಲ್ಲಿ ಹಾಗೇ ಗುಂಯ್ಗುಡುತ್ತೆ. ಅಡುಗೆಮನೇಲಿ ಆರ್ಸಿದ್ದು ಅಡುಗೆಮನೇಗೇ ಸರಿ.”

ಅವನು ಹೇಳಿದ್ದು ನಿಜ. ಆಂಪಿನ ಸದ್ದು ಹಿಂದಿರುಗಿ ಬೇಸಿನ ಹೊಟ್ಟೆ ಸೇರಿ, ಅಲ್ಲಿಂದ ಪಿಕಪ್ಪಿಗೆ ಬಂದು, ಮತ್ತೆ ಆಂಪಿಗೆ ಹೋಗಿ, ಹಸು ಕರು ಹಾಕುವಾಗ ಅರಚಿದಂತೆ ಊಳಿಟ್ಟಿತು. ಕೋಳಿಗಳು ರಸ್ತೆ ದಾಟಿದವು. ಮಧ್ಯಾಹ್ನವೆಲ್ಲ ಅದೇ ಕೆಲಸ. ಅಟ್ರಾಕ್ಟಾ ಮಲಕಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಂಗಳದ ಆ ತುದಿಗೆ ತಳ್ಳಿ ನಿಂತಳು. ಆಂಪನ್ನು ನನ್ನ ಹಿಂದಿನಿಂದ ತೆಗೆದು ಪಕ್ಕಕ್ಕಿಟ್ಟೆವು. ಎದೆಯ ಎರಡು ಸೀಳಿಗೂ ಹಳೆಯ ಉಣ್ಣೆ ಸ್ವೆಟರ್ ತುರುಕಿದೆವು. ಮೂರು ಗುಂಡಿಯ ಡಬ್ಬಿಯಲ್ಲಿ ಒಂದು ಗುಂಡಿ ತೀರಾ ಕೆಳಗಿನ ಗುಡುಗನ್ನು ಕತ್ತರಿಸುವುದಕ್ಕೇ ಇದೆ. ಅದನ್ನು ಒಂದೊಂದೇ ಕೂದಲೆಳೆ ತಿರುಗಿಸಿದೆ.

“ಇನ್ನು ಸ್ವಲ್ಪ!” ಅಲ್ಲಿಂದ ಮಲಕಿ. “ಸಾಕು! ಈಗ ಒಂದು ವಾಲ್ಟ್ಸ್ ಕುಣಿತದ್ದು ನುಡ್ಸು!”

ನುಡಿಸಿದೆ. ಊಳು ಹೋಯಿತು. ಕೆಳಗಿನ ಗುಡುಗನ್ನು ಕತ್ತರಿಸಿದ ಮೇಲೆ ಬೇಸ್ ಇನ್ನೂ ಚೆನ್ನಾಗಿ ಕೇಳಿತು, ಇದು ನನಗೆ ಅರ್ಥವಾಗುವುದಿಲ್ಲ. ಅಟ್ರಾಕ್ಟಾ ಗಾಲಿಕುರ್ಚಿ ಹಿಡಿದುಕೊಂಡೇ ಕಾಲು ಕುಣಿಸುತ್ತಿದ್ದಳು, ತಪಸ್ಸು ಕಾಲದಲ್ಲಿ! ಮಲಕಿ ಅವಳ ಕಾಲನ್ನೇ ನೋಡುತ್ತಿದ್ದ.

“ಇದೇ” ಎಂದ. “ಹನ್ನೊಂದು ಗುಂಡೀದನ್ನ ಲಾರ್ಕನ್‌ಗೆ ವಾಪಸ್ ಕೊಡು.”

ಗರಿಗಳ ಭಾನುವಾರ, ಮಾರ್ಚ್ 31

ಜಪಮಾಲೆ ಹೇಳುವಾಗ ಮಣಿಗಳು ಬೆರಳಿಗೆ ತಿಳಿಯುತ್ತಲೇ ಇಲ್ಲ. ಎರಡು ಸಲ ಲೆಕ್ಕ ತಪ್ಪಿತು. ಬೆರಳ ತುದಿ ಮರಗಟ್ಟಿದೆ. ವಯಸ್ಸಾಯಿತು, ಇನ್ನೇನು. ಇಂದು ಮಲಕಿಯ ಕೈ ಕೊಡು ಎಂದು ದೇವರನ್ನು ಕೇಳುವುದನ್ನೂ ಮರೆತೆ. ಈಸ್ಟರ್ ದಿನ ಮಳೆ ಬಾರದಿರಲಿ, ಕರುಳಿನ ತಂತಿಗೆ ತೇವದ ಗಾಳಿಯಲ್ಲಿ ಶ್ರುತಿ ಕೆಡುತ್ತದೆ ಎಂದು ಬೇಡಿಕೊಂಡು ಎದ್ದೆ.

ಪವಿತ್ರ ಗುರುವಾರ, ಏಪ್ರಿಲ್ 4

ಅಂಚೆಯಲ್ಲಿ ಫಿಂಟನ್‌ನ ಕಾಗದ. ಎರಡು ಮೈಲಿ ದೂರದಲ್ಲಿರುವವನು ಅಂಚೆಯಲ್ಲಿ ಕಾಗದ ಹಾಕಿದನೆಂದರೆ ಎದುರಿಗೆ ಹೇಳಲಾಗದ್ದನ್ನೇ ಬರೆದಿರಬೇಕು. ಆಸ್ಪತ್ರೆಯ ವಿಷಯ ಅವನಿಗೆ ಗೊತ್ತಾಗಿದೆ. ಬ್ಯಾಲಿನಾದವನಿಗೆ ಹೂಂ ಅನ್ನುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಶನಿವಾರದೊಳಗೆ ಒಂದು ಮಾತು ತಿಳಿಸಿ ಎಂದಿದ್ದಾನೆ. ಕೊನೆಗೆ, ಮಲಕಿಯ ದೊಡ್ಡ ಬೇಸನ್ನು ಹೊಸ ಸಭಾಂಗಣದ ಗೋಡೆಗೆ, ಎಲ್ಲರಿಗೂ ಕಾಣುವಂತೆ, ಗೌರವದಿಂದ ತೂಗುಹಾಕೋಣವೇ ಎಂದು ಕೇಳಿದ್ದಾನೆ.

ಓದಿ ಹೇಳಿದೆ.

“ಗೋಡೆಗೆ” ಎಂದ ಮಲಕಿ.

“ಒಳ್ಳೆ ಮನಸ್ಸಿನಿಂದಲೇ ಕೇಳಿದಾನೆ.”

“ಹೌದು. ಅದಕ್ಕೇ ಹೆದರಿಕೆ.” ಆಮೇಲೆ ಬಲಗೈಯಿಂದ ನನ್ನ ಎಡಗೈ ಹಿಡಿದುಕೊಂಡು ಒಂದೊಂದೇ ಬೆರಳ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ, ಅಂಗಡಿಯಲ್ಲಿ ಬಟ್ಟೆ ನೋಡುವಂತೆ. “ಇವು ನನ್ನ ಬೆರಳು” ಎಂದ. ಅವನು ಅಳುತ್ತಿರಲಿಲ್ಲ. ನಾನು ಆಲೂಗಡ್ಡೆ ಸುಲಿಯಲು ಎದ್ದೆ.

ಶುಭ ಶುಕ್ರವಾರ, ಏಪ್ರಿಲ್ 5

ಕಡು ಉಪವಾಸ. ಮೂರು ಗಂಟೆಗೆ ಶಿಲುಬೆಗೆ ಮುತ್ತಿಟ್ಟು ಬಂದೆ. ಇಂದು ತಂತಿ ಮುಟ್ಟಲಿಲ್ಲ, ಒಂದು ಸ್ವರವನ್ನೂ. ಕೈ ಸುಮ್ಮನಿರಲಿಲ್ಲ, ಚರ್ಚಿನ ಬೆಂಚಿನ ಮೇಲೆ ತಾನಾಗಿ ಬೆರಳು ಇಡುತ್ತಿತ್ತು. ಕ್ಷಮಿಸು ಸ್ವಾಮಿ.

ಪವಿತ್ರ ಶನಿವಾರ, ಏಪ್ರಿಲ್ 6

ಒಲೆ ಹಚ್ಚಿದೆ, ಕೋಳಿಗಳನ್ನು ಬಿಟ್ಟೆ. ಈಸ್ಟರ್ ಮೊಟ್ಟೆಗಳನ್ನು ಎತ್ತಿಟ್ಟೆ. ಆಮೇಲೆ ಮೇಜಿನ ಮುಂದೆ ಕೂತು ಬರೆದೆ. ಬರೆದದ್ದನ್ನು ಇಲ್ಲಿಯೂ ಇಳಿಸಿಕೊಳ್ಳುತ್ತೇನೆ, ನಾಳೆ ನನಗೆ ಧೈರ್ಯ ಹೋದರೆ ನೋಡಿಕೊಳ್ಳಲು.

“ಫಿಂಟನ್, ಮಲಕಿಯ ಎಡಗೈ ಇನ್ನು ಬರುವುದಿಲ್ಲ. ವೈದ್ಯರು ಹನ್ನೆರಡು ದಿನದ ಹಿಂದೆಯೇ ಹೇಳಿದರು. ಬೇಸ್‌ಗೆ ದನಿ ಕಟ್ಟಿಯಾಗಿದೆ. ಕುದುರೆಗೆ ಪಿಕಪ್, ಮೂರು ಗುಂಡಿಯ ಡಬ್ಬಿ, ಹಳೆಯ ಆಂಪ್, ಸೀಳಿಗೆ ಸ್ವೆಟರ್. ಹಿಂದೆ ನಾನು ನಿಲ್ಲುತ್ತೇನೆ. ಕುಣಿತದ ಹಾಡಿನಲ್ಲಿ ಜಿಗ್, ವಾಲ್ಟ್ಸ್, ನಿಧಾನದ ರೀಲ್ ಬರುತ್ತವೆ. ಬೇಗದ ರೀಲಿನಲ್ಲಿ ಒಂದು ಸ್ವರ ಬಿಟ್ಟು ಒಂದು ಎಳೆಯುತ್ತೇನೆ, ಮಲಕಿ ಸಾಕು ಅಂದಿದ್ದಾನೆ. ನಿಂತವಳಿಗೆ ದೂರಕ್ಕೆ ಹೇಗೆ ಕೇಳುತ್ತದೆಂದು ತಿಳಿಯುವುದಿಲ್ಲ, ಆದ್ದರಿಂದ ಅವನು ಮುಂದೆ ಕುಣಿಯುವವರ ಅಂಚಿನಲ್ಲಿ ಕೂರಬೇಕು, ಡಬ್ಬಿ ಅವನ ಮಡಿಲಲ್ಲಿರಬೇಕು, ಅದಕ್ಕೆ ಉದ್ದದ ವೈರ್ ಲಾರ್ಕನ್ ಕೊಟ್ಟಿದ್ದಾನೆ. ಅವನ ಬಲಗೈ ಚೆನ್ನಾಗಿದೆ. ನಮಗೆ ಒಂದಲ್ಲ, ಎರಡು ಜಾಗ ಬೇಕು. ಗೋಡೆಗೆ ಬೇರೆ ಏನಾದರೂ ಹುಡುಕು. ಬ್ರೀಜ್.”

ಇದನ್ನೂ ಓದಿ ಹೇಳಿದೆ. ಮಲಕಿ “ರೀಲಿನ ವಿಷಯ ಬರೀಬಾರ್ದಿತ್ತು, ಈಗ ಕಿವಿಗೊಟ್ಟು ಕೇಳ್ತಾನೆ ಅವನು” ಎಂದ. ಅಳಿಸಲಿಲ್ಲ, ಇರುವುದನ್ನು ಬರೆದಿದ್ದೇನೆ.

ಇಂದು ಅಂಚೆಗೆ ಹಾಕಿದರೆ ಕಾಗದ ಮಂಗಳವಾರಕ್ಕೆ ಮುಟ್ಟುತ್ತದೆ. ಮಲಕಿಯನ್ನು ಬಿಟ್ಟು ನಾನು ಹೋಗುವಂತಿಲ್ಲ. ಹತ್ತೂವರೆ ಆಗಿದೆ, ಫಿಂಟನ್ ಫೋನು ಎತ್ತುತ್ತಿಲ್ಲ. ಈಗಷ್ಟೇ ಅಟ್ರಾಕ್ಟಾಳಿಗೆ ಫೋನು ಮಾಡಿದೆ: “ಫಿಂಟನ್ ಮನೆಗೆ ಓಡು. ಬ್ರೀಜ್ ಉತ್ತರ ಬರೆದಿಟ್ಟಿದ್ದಾಳೆ, ಹನ್ನೆರಡಕ್ಕೆ ಮುಂಚೆ ತಾನೇ ಬಂದು ತಗೊಂಡು ಹೋಗ್ಬೇಕಂತೆ ಅನ್ನು. ಬರೋವಾಗ ಬೇಸೂ ಗಾಲಿಕುರ್ಚೀನೂ ಹಿಡಿಸೋ ವ್ಯಾನು ತರ್ಲಿ.”